ಮನೆಯವರು ಖಿನ್ನತೆಗೆ ಜಾರಿದಾಗ: ಮೊದಲ ದಿನದಿಂದ ಆರನೇ ತಿಂಗಳವರೆಗೆ ಮಾಡಬೇಕಾದ್ದು

ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಥರ ಶುರುವಾಗುತ್ತವೆ. "ಅಮ್ಮ ಯಾರ ಜೊತೆಗೂ ಮಾತಾಡ್ತಿಲ್ಲ. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ ನಂಗೇನು ಹುಚ್ಚು ಹಿಡಿದಿದ್ಯಾ ಅಂತಾರೆ." ಇಲ್ಲವಾದರೆ, "ಮಾತ್ರೆ ಶುರುಮಾಡಿದ್ರು, ಹತ್ತು ದಿನಕ್ಕೇ ಬಿಟ್ಬಿಟ್ರು." ಕೇಳುವವರೆಲ್ಲ ಪ್ರೀತಿಯಿಟ್ಟುಕೊಂಡವರೇ. ಅವರು ಎಡವುತ್ತಿರುವುದು ಹೆಜ್ಜೆಗಳ ಕ್ರಮದಲ್ಲಿ. ಕೇಳಿಸಿಕೊಳ್ಳುವ ಮೊದಲೇ ಬುದ್ಧಿ ಹೇಳಿರುತ್ತಾರೆ. ನಿದ್ದೆ, ಊಟ ಸರಿಹೋಗುವ ಮೊದಲೇ ಮದುವೆಮನೆಗೆ ಹೊರಡಿಸಿರುತ್ತಾರೆ.

ಚಿಕ್ಕಪ್ಪ ತೀರಿಕೊಂಡ ಮೇಲೆ ನಮ್ಮ ಚಿಕ್ಕಮ್ಮ ಎಂಟು ತಿಂಗಳು ಹಾಗೆಯೇ ಇದ್ದರು. ನಾವೂ ಇದೇ ತಪ್ಪುಗಳನ್ನು ಮಾಡಿದೆವು. ಕೆಳಗಿನ ಕ್ರಮ ಆ ಮನೆಯಲ್ಲಿ, ಆಮೇಲೆ ಬೇರೆ ಮನೆಗಳಲ್ಲಿ ನೋಡಿ ಕಲಿತದ್ದು, ಜೊತೆಗೆ ಡಾಕ್ಟರು ತಿಳಿಸಿಕೊಟ್ಟಿದ್ದು. ನಾನು ವೈದ್ಯೆಯಲ್ಲ. ಯಾವ ಔಷಧಿ, ಎಷ್ಟು ಎನ್ನುವುದು ಡಾಕ್ಟರ ತೀರ್ಮಾನವೇ.

ಮೊದಲೇ ಹೊಂದಿಸಿಟ್ಟುಕೊಳ್ಳಿ

ಒಂದು ಸಣ್ಣ ನೋಟ್‌ಬುಕ್, ದೊಡ್ಡ ಮನೆಗಳಿರುವ ಗೋಡೆ ಕ್ಯಾಲೆಂಡರ್, ವಾರದ ಏಳು ದಿನಕ್ಕೂ ಬೇರೆ ಬೇರೆ ಗೂಡಿರುವ ಮಾತ್ರೆ ಡಬ್ಬಿ, ಬೀಗ ಹಾಕಬಹುದಾದ ಪೆಟ್ಟಿಗೆ. ಫೋನಿನಲ್ಲಿ 14416 ಸೇವ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕಾಯಿಲೆ ಬಿದ್ದವರೇ ಮಾತಾಡಬೇಕೆಂದಿಲ್ಲ, ನೋಡಿಕೊಳ್ಳುವವರೂ ಕರೆ ಮಾಡಿ ಕೇಳಬಹುದು.

ಇವಕ್ಕಿಂತ ಮುಖ್ಯವಾಗಿ ಬೇಕಾದ್ದು ಮೂರು ನಾಲ್ಕು ಜನ. ಒಬ್ಬರೇ ಹೊತ್ತುಕೊಂಡರೆ ಎರಡನೇ ತಿಂಗಳಿಗೆ ಸೋತುಹೋಗುತ್ತಾರೆ. ಅಕ್ಕತಂಗಿ, ಪಕ್ಕದ ಮನೆಯವರು, ಹಳೆಯ ಸಹಪಾಠಿ, ಯಾರಾದರೂ ಸರಿ. ಮಾತು ಹೊರಗೆ ಹರಡದವರಾಗಿರಬೇಕು.

ಹಂತ 1: ಹದಿನೈದು ದಿನ ಗಮನಿಸಿ, ಬರೆದಿಡಿ

ನಾಲ್ಕು ದಿನ ಬೇಜಾರಾದರೆ ಅದು ಖಿನ್ನತೆಯಲ್ಲ. ಎರಡು ವಾರ ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ ಅಥವಾ ಯಾವುದರಲ್ಲೂ ಆಸಕ್ತಿಯೇ ಇಲ್ಲದಿದ್ದರೆ ಡಾಕ್ಟರು ಖಿನ್ನತೆಯ ಬಗ್ಗೆ ಯೋಚಿಸುತ್ತಾರೆ. ಜೊತೆಗೆ ನಿದ್ದೆ, ಹಸಿವು, ತೂಕ, ಏಕಾಗ್ರತೆ, ಶಕ್ತಿ ಇವುಗಳಲ್ಲಿ ಏರುಪೇರು ನೋಡುತ್ತಾರೆ. ತಪ್ಪಿತಸ್ಥ ಭಾವ, ಸಾವಿನ ಯೋಚನೆ ಇದೆಯೇ ಎಂದು ಕೇಳುತ್ತಾರೆ.

ನಮ್ಮ ಕಡೆ ದೊಡ್ಡವರು "ಮನಸ್ಸಿಗೆ ಬೇಜಾರು" ಎಂದು ಹೇಳಿಕೊಳ್ಳುವುದು ಕಡಿಮೆ. ಅವರ ಪರವಾಗಿ ಮೈ ಮಾತಾಡುತ್ತದೆ. ಎದೆ ಭಾರ, ತಲೆ ಬಿಸಿ, ಮೈಯೆಲ್ಲ ಉರಿ, ಕೈಕಾಲು ಸೋತು ಬರುವುದು, ಹೊಟ್ಟೆ ಉಬ್ಬರ. ಚಿಕ್ಕಮ್ಮ ನಾಲ್ಕು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ಕೊಟ್ಟ ಡಾಕ್ಟರೂ ನಿದ್ದೆ ಹೇಗಿದೆ ಎಂದು ಕೇಳಲಿಲ್ಲ, ನಾವೂ ಹೇಳಲಿಲ್ಲ.

ನೋಟ್‌ಬುಕ್‌ನಲ್ಲಿ ತೀರ್ಪು ಬರೆಯಬೇಡಿ, ಕಂಡದ್ದನ್ನು ಬರೆಯಿರಿ. "ಸೋಮಾರಿಯಾಗಿದ್ದಾರೆ" ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. "ಮಂಗಳವಾರ: ಮೂರು ಗಂಟೆಗೆ ಎದ್ದರು, ಮತ್ತೆ ಮಲಗಲಿಲ್ಲ. ಮಧ್ಯಾಹ್ನ ಅರ್ಧ ಮುದ್ದೆ. ಸ್ನಾನ ಮಾಡಲಿಲ್ಲ" ಎಂದಿದ್ದರೆ ಎಲ್ಲ ತಿಳಿಯುತ್ತದೆ. ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸವನ್ನು ಮರೆಯದೆ ಬರೆಯಿರಿ. ಚಿಕ್ಕಮ್ಮ ಬಿಟ್ಟದ್ದು ಹೂ ಕಟ್ಟುವುದನ್ನು.

ಆತ್ಮೀಯರು ತೀರಿಕೊಂಡಾಗಿನ ದುಃಖವೇ ಕಾಯಿಲೆಯಲ್ಲ. ದುಃಖ ಅಲೆಯಲೆಯಾಗಿ ಬರುತ್ತದೆ, ನಡುನಡುವೆ ಮೊಮ್ಮಗುವಿನ ಆಟಕ್ಕೆ ನಗು ಬರುತ್ತದೆ, ಹೋದವರ ನೆನಪು ಕೆಲವೊಮ್ಮೆ ಸಿಹಿಯಾಗಿಯೂ ಇರುತ್ತದೆ. ಆ ನಗು ಪೂರ್ತಿ ನಿಂತುಹೋಗಿ, "ನಾನು ಯಾರಿಗೂ ಬೇಡದವಳು" ಎಂಬ ಮಾತು ಶುರುವಾದರೆ ಎಚ್ಚರವಾಗಿ.

ಹದಿನೈದು ದಿನ ಕಾಯಲೇಬಾರದ ಸಂದರ್ಭಗಳಿವೆ. ಸಾಯುವ ಮಾತು, ಅನ್ನನೀರು ಬಿಡುವುದು, ಯಾರದೋ ದನಿ ಕೇಳಿಸುತ್ತದೆ ಎನ್ನುವುದು, ಬಾಣಂತಿಯು ಮಗುವಿನ ಬಗ್ಗೆ ವಿಚಿತ್ರವಾಗಿ ಮಾತಾಡುವುದು. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 2: ಎದುರಿಗಲ್ಲ, ಪಕ್ಕದಲ್ಲಿ ಕೂತು ಮಾತು ತೆಗೆಯಿರಿ

ಎಲ್ಲರೂ ಸುತ್ತ ಕೂತು "ಏನಾಗಿದೆ ಹೇಳು" ಎಂದರೆ ಬಾಯಿ ಕಟ್ಟಿಹೋಗುತ್ತದೆ. ನಾವು ಮೂರು ಸಲ ಹಾಗೆ ಮಾಡಿದ್ದೆವು. ಮೂರು ಸಲವೂ ಬಂದ ಉತ್ತರ "ಏನಿಲ್ಲ ಬಿಡ್ರಪ್ಪ."

ಜನವರಿಯ ಒಂದು ಮಧ್ಯಾಹ್ನ ನಾನು ಅವರೆಕಾಯಿ ತಂದು ಜಗಲಿಯಲ್ಲಿ ಸುರಿದುಕೊಂಡು ಸುಲಿಯುತ್ತಾ ಕೂತೆ. ಚಿಕ್ಕಮ್ಮನನ್ನು ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಬಂದು ಮೊರ ಎಳೆದುಕೊಂಡರು. ಅರ್ಧ ಮೊರ ಕಾಳು ತುಂಬುವವರೆಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಬೆರಳಿಗೆಲ್ಲ ಸೊಗಡು ಹತ್ತಿತ್ತು. ಆಮೇಲೆ ಮುಖ ಎತ್ತದೆ, ಕೈ ನಿಲ್ಲಿಸದೆ, "ರಾತ್ರಿ ಮೂರಕ್ಕೆ ಎಚ್ಚರಾಗತ್ತೆ ಕಣೇ. ಆಮೇಲೆ ಬೆಳಕೇ ಹರಿಯಲ್ಲ" ಅಂದರು. ಎಂಟು ತಿಂಗಳಲ್ಲಿ ಅವರಾಗೇ ಹೇಳಿದ ಮೊದಲ ಮಾತು ಅದು.

ಕೈಗೊಂದು ಕೆಲಸವಿದ್ದು, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದಾಗ ಮಾತು ಹಗುರಾಗಿ ಬರುತ್ತದೆ. ಸೊಪ್ಪು ಬಿಡಿಸುವುದು, ಬಟ್ಟೆ ಮಡಚುವುದು, ಗಂಡಸರಾದರೆ ತೋಟದ ಕಡೆ ಒಂದು ಸುತ್ತು ಅಥವಾ ಬೈಕಿನಲ್ಲಿ ಸಂತೆಗೆ ಹೋಗಿಬರುವುದು. ಹದಿಹರೆಯದ ಮಕ್ಕಳು ರಾತ್ರಿ ಪ್ರಯಾಣದಲ್ಲಿ ಬಾಯಿ ಬಿಡುವುದನ್ನು ನೋಡಿದ್ದೇನೆ.

ಮಾತು ಶುರುವಾದಾಗ ನಿಮ್ಮ ಕೆಲಸ ಮೂರೇ. ನಡುವೆ ಬಾಯಿ ಹಾಕಬೇಡಿ. ಅವರ ಮಾತನ್ನೇ ಹಿಡಿದು ಮುಂದಕ್ಕೆ ಕೇಳಿ: "ಮೂರಕ್ಕೆ ಎದ್ದ ಮೇಲೆ ಏನು ಯೋಚನೆ ಬರುತ್ತೆ?" ಸುಮ್ಮನಾದರೆ ನೀವೂ ಸುಮ್ಮನಿರಿ. ಆ ಮೌನವನ್ನು ತುಂಬಿಸಲು ಹೋಗುವುದೇ ನಾನು ಕಂಡ ಅತಿ ಸಾಮಾನ್ಯ ತಪ್ಪು.

ಬಾಯಿಗೆ ಬರಬಾರದ ಮಾತುಗಳಿವು: "ಗಟ್ಟಿಯಾಗಿರಬೇಕು", "ನಿನಗೇನು ಕಮ್ಮಿಯಾಗಿದೆ", "ಅವರ ಕಷ್ಟ ನೋಡು, ನಿಂದೇನು ಮಹಾ", "ಮಕ್ಕಳ ಮುಖ ನೋಡ್ಕೊಂಡು ಇರು". ಕೊನೆಯದನ್ನು ಎಲ್ಲರೂ ಕಕ್ಕುಲಾತಿಯಿಂದಲೇ ಹೇಳುತ್ತಾರೆ. ಕೇಳುವವರಿಗೆ ಮಾತ್ರ ತಾನು ಮಕ್ಕಳಿಗೂ ಮೋಸ ಮಾಡುತ್ತಿದ್ದೇನೆ ಎಂಬ ಇನ್ನೊಂದು ಹೊರೆ ಸೇರುತ್ತದೆ. ಅದರ ಬದಲು "ಇಷ್ಟು ದಿನ ಇದನ್ನ ಒಬ್ಬಳೇ ಇಟ್ಕೊಂಡಿದ್ಯಲ್ಲ" ಎಂದರೆ ಸಾಕು.

ಹಂತ 3: ಸಾವಿನ ಬಗ್ಗೆ ನೇರವಾಗಿ ಕೇಳಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ. ಹಾಗಾಗುವುದಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಎದೆಯ ಭಾರ ಇಳಿಯುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ಅವರು ಅದನ್ನು ಒಬ್ಬರೇ ಹೊತ್ತು ತಿರುಗುತ್ತಿರುತ್ತಾರೆ.

ಕೇಳುವ ಕ್ರಮ ಇಷ್ಟು. ಮೊದಲು, "ಬದುಕಿದ್ದು ಏನು ಪ್ರಯೋಜನ ಅಂತ ಅನ್ನಿಸುತ್ತಾ?" ಹೌದೆಂದರೆ, "ಸಾಯಬೇಕು ಅಂತ ಯೋಚನೆ ಬಂದಿದೆಯಾ?" ಅದಕ್ಕೂ ಹೌದೆಂದರೆ, "ಹೇಗೆ, ಯಾವಾಗ ಅಂತ ಮನಸ್ಸಲ್ಲಿ ಇದೆಯಾ?" ದನಿ ಏರಿಸಬೇಡಿ, ಆಣೆ ಪ್ರಮಾಣ ಮಾಡಿಸಬೇಡಿ, ಅಳಬೇಡಿ. "ಯಾರಿಗೂ ಹೇಳಬೇಡ" ಎಂದರೆ ಮಾತು ಕೊಡಬೇಡಿ. "ನೀನು ನಂಗೆ ಬೇಕು, ಅದಕ್ಕೇ ಡಾಕ್ಟರಿಗೆ ಹೇಳಲೇಬೇಕು" ಎಂದು ಹೇಳಿಬಿಡಿ.

ಮೂರನೆಯ ಪ್ರಶ್ನೆಗೆ ಹೌದು ಎಂದರೆ ಒಂದು ಗಳಿಗೆಯೂ ಒಬ್ಬರನ್ನೇ ಬಿಡಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಆಂಬುಲೆನ್ಸಿಗೆ 108, ತುರ್ತಿಗೆ 112. ಪೊಲೀಸ್ ಕೇಸಿನ ಭಯಕ್ಕೆ ತಡಮಾಡಿ ಜೀವ ಕಳೆದುಕೊಂಡ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಉತ್ತರ ಏನೇ ಬಂದರೂ ಅವತ್ತೇ ಇನ್ನೊಂದು ಕೆಲಸ ಮುಗಿಸಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಹೊರಗೆ ಸಾಗಿಸಿ, ಸಂಬಂಧಿಕರ ಮನೆಯಲ್ಲಿ ಬೀಗದೊಳಗೆ ಇಡಿಸಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಸಾಯಬೇಕೆಂಬ ಆವೇಗ ಬಹಳ ಸಲ ಕೆಲವೇ ನಿಮಿಷ, ಕೆಲವೇ ಗಂಟೆ ಇದ್ದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ತುಂಬ ದಿನ ಕುಗ್ಗಿದ್ದವರು ಇದ್ದಕ್ಕಿದ್ದಂತೆ ಶಾಂತವಾಗಿ, ಒಡವೆ ಹಂಚುವುದು, ಸಾಲದ ಲೆಕ್ಕ ಒಪ್ಪಿಸುವುದು, "ನಾನಿಲ್ಲದಿದ್ರೂ ನೋಡ್ಕೊಳ್ಳಿ" ಎನ್ನುವುದು ಶುರುಮಾಡಿದರೆ ಅದನ್ನು ಚೇತರಿಕೆ ಎಂದು ತಿಳಿಯಬೇಡಿ. ಇವು ಅಪಾಯದ ಗುರುತು.

ಹಂತ 4: ಡಾಕ್ಟರ ಹತ್ತಿರ

"ಮನೋವೈದ್ಯರು" ಎಂಬ ಪದವೇ ತಡೆಯಾದರೆ "ನಿದ್ದೆಗೆ ತೋರಿಸೋಣ" ಎನ್ನಿ. ಸುಳ್ಳಲ್ಲ, ನಿದ್ದೆ ನಿಜವಾಗಿಯೂ ಕೆಟ್ಟಿರುತ್ತದೆ. ಆದರೆ ಮದುವೆಗೆ ಬಟ್ಟೆ ತರೋಣ ಎಂದು ಹೊರಡಿಸಿ ಆಸ್ಪತ್ರೆ ಬಾಗಿಲಲ್ಲಿ ಇಳಿಸಬೇಡಿ. ಆ ಮೋಸ ಒಮ್ಮೆ ಆದರೆ ಮುಂದೆ ಮಾತ್ರೆ ಕೊಡುವ ಕೈಯನ್ನೂ ನಂಬುವುದಿಲ್ಲ.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋದರೆ ಅಲೆದಾಟ ತಪ್ಪುತ್ತದೆ. ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೆಂದು ಕಾದು ತಿಂಗಳು ಕಳೆಯಬೇಡಿ. ಮೊದಲ ಸಲದ ಖಿನ್ನತೆಗೆ ಹತ್ತಿರದ ಡಾಕ್ಟರೇ ಸಾಕಾಗುವುದು ಹೆಚ್ಚು.

ಸಾಲು ಉದ್ದ, ಸಿಗುವ ಸಮಯ ಕಡಿಮೆ. ನೋಟ್‌ಬುಕ್‌ನಿಂದ ಐದು ಸಾಲು ಒಂದು ಚೀಟಿಯಲ್ಲಿ ಇಳಿಸಿಕೊಳ್ಳಿ: ಯಾವಾಗಿನಿಂದ, ನಿದ್ದೆ, ಊಟ, ಸಾವಿನ ಮಾತು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿ. ಹಿಂದೆ ಯಾವಾಗಲಾದರೂ ನಿದ್ದೆಯೇ ಇಲ್ಲದೆ ವಿಪರೀತ ಉತ್ಸಾಹ, ದುಂದುವೆಚ್ಚ, ಬಡಬಡ ಮಾತು ಇತ್ತೇ ಎಂಬುದನ್ನು ತಪ್ಪದೆ ಹೇಳಿ. ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಕುಡಿತವಿದ್ದರೆ ಮುಚ್ಚಿಡಬೇಡಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಬೇಕೇ ಎಂದು ಕೇಳಿ. ಥೈರಾಯ್ಡ್ ಕಡಿಮೆಯಾದವರೂ ನೋಡಲು ಹೀಗೇ ಇರುತ್ತಾರೆ.

ಹರಕೆ, ತಾಯಿತ, ದೃಷ್ಟಿ ತೆಗೆಸುವುದು ಬೇಕೆಂದು ಮನೆಯ ಹಿರಿಯರು ಹಟ ಹಿಡಿದರೆ ಜಗಳಕ್ಕೆ ಹೋಗಬೇಡಿ. ಎರಡೂ ಜೊತೆಗೆ ನಡೆಯಲಿ. ಮಾತ್ರೆ ನಿಲ್ಲಿಸು ಎನ್ನುವ ಕಡೆಗೆ, ಉಪವಾಸ ಕೆಡವುವ, ಹೊಡೆಯುವ, ಕಟ್ಟಿಹಾಕುವ ಕಡೆಗೆ ಮಾತ್ರ ಕಾಲಿಡಬೇಡಿ.

ಹಂತ 5: ಮಾತ್ರೆಯ ಮೊದಲ ಆರು ವಾರ

ಸೋಲುವುದು ಇಲ್ಲೇ. ಖಿನ್ನತೆಯ ಮಾತ್ರೆ ಜ್ವರದ ಮಾತ್ರೆಯಂತಲ್ಲ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಪೂರ್ತಿ ಪರಿಣಾಮಕ್ಕೆ 6ರಿಂದ 8 ವಾರ. ವಾಕರಿಕೆ, ತಲೆನೋವು, ಮಂಪರು, ಚಡಪಡಿಕೆ ಮಾತ್ರ ಮೊದಲ ವಾರವೇ ಬರಬಹುದು. ಅಂದರೆ ಶುರುವಿನಲ್ಲಿ ಕಷ್ಟವೇ ಮೊದಲು, ಸುಖ ಆಮೇಲೆ. ಇದನ್ನು ಮೊದಲೇ ಹೇಳಿರದಿದ್ದರೆ ಯಾರಾದರೂ ಬಿಟ್ಟುಬಿಡುತ್ತಾರೆ. ಕ್ಯಾಲೆಂಡರಿನಲ್ಲಿ ನಾಲ್ಕನೇ ವಾರದ ಮೇಲೊಂದು ಗುರುತು ಹಾಕಿ, "ಅಲ್ಲೀವರೆಗೂ ತೀರ್ಮಾನ ಬೇಡ" ಎಂದು ಇಬ್ಬರೂ ಒಪ್ಪಿಕೊಳ್ಳಿ. ಅಡ್ಡಪರಿಣಾಮ ತಡೆಯಲಾಗದಷ್ಟಿದ್ದರೆ ಬಿಡುವ ಬದಲು ಡಾಕ್ಟರಿಗೆ ಫೋನ್ ಮಾಡಿ. ಪ್ರಮಾಣವನ್ನೋ ಹೊತ್ತನ್ನೋ ಬದಲಿಸಿಕೊಡುತ್ತಾರೆ.

ಮಾತ್ರೆ ಡಬ್ಬಿಯನ್ನು ಭಾನುವಾರ ನೀವೇ ತುಂಬಿ. ಮೊದಲ ವಾರಗಳಲ್ಲಿ ಮೈಗೆ ಶಕ್ತಿ ಮೊದಲು ಬಂದು ಮನಸ್ಸು ಹಿಂದುಳಿಯಬಹುದು, ಹಾಗಾಗಿ ನಿಗಾ ಹೆಚ್ಚಿರಲಿ. 25 ವರ್ಷದೊಳಗಿನವರಾದರೆ ಇನ್ನೂ ಹೆಚ್ಚು.

"ಅಭ್ಯಾಸ ಆಗಿಬಿಡತ್ತೆ" ಎಂಬ ಮಾತು ನಿದ್ದೆ ಮಾತ್ರೆಗಳಿಗೆ ಸಲ್ಲುತ್ತದೆ. ಡಾಕ್ಟರು ಅವನ್ನು ಕೊಟ್ಟಿದ್ದರೆ ಎಷ್ಟು ದಿನಕ್ಕೆ ಎಂದು ಕೇಳಿ ಬರೆದುಕೊಳ್ಳಿ. ಖಿನ್ನತೆಯ ಮಾತ್ರೆಗೆ ಆ ಥರದ ಚಟ ಹತ್ತುವುದಿಲ್ಲ, ಆದರೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ತಲೆಸುತ್ತು, ತಳಮಳ ಬರುತ್ತದೆ. ಮೊದಲ ಸಲದ ಖಿನ್ನತೆಯಾದರೆ ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸುತ್ತಾರೆ. ಚಿಕ್ಕಮ್ಮ ಮೂರನೇ ವಾರ "ಮಂಪರು ಜಾಸ್ತಿ" ಎಂದು ಬಿಟ್ಟರು, ಹದಿನೈದು ದಿನಕ್ಕೆ ಮೊದಲಿದ್ದಲ್ಲಿಗೇ ಬಂದರು. ರಾತ್ರಿಗೆ ಬದಲಿಸಿಕೊಟ್ಟರೆ ಸಾಕಿತ್ತು.

ಹಂತ 6: ದಿನಕ್ಕೊಂದು ಸಣ್ಣ ಕೆಲಸ

ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಎನ್ನುತ್ತಾರೆ. ಖಿನ್ನತೆಯಲ್ಲಿ ಇದು ತಿರುಗುಮುರುಗು. ಸಣ್ಣ ಕೆಲಸ ಮಾಡುತ್ತಾ ಹೋದರೆ ಮನಸ್ಸು ಹಿಂದಿನಿಂದ ಬರುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಃಶಾಸ್ತ್ರದ ಪದವಿಯಿಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು 6ರಿಂದ 8 ಭೇಟಿಗಳಲ್ಲಿ ಇದನ್ನೇ ಮಾಡಿಸಿದಾಗ ತೀವ್ರ ಖಿನ್ನತೆಯಲ್ಲಿದ್ದವರೂ ಚೇತರಿಸಿಕೊಂಡರು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಆ ಅಧ್ಯಯನ ಪ್ರಕಟವಾಯಿತು. ನಾವೂ ನೀವೂ ಮಾಡಬಹುದಾದ ಕೆಲಸವೇ ಇದು.

ಹಂತ 1ರಲ್ಲಿ ಬರೆದ "ಬಿಟ್ಟಿರುವ ಕೆಲಸಗಳ" ಪಟ್ಟಿ ತೆಗೆಯಿರಿ. ಅದರಲ್ಲಿ ಅತಿ ಸಣ್ಣದನ್ನು ಆರಿಸಿ, ಅದನ್ನೂ ಅರ್ಧಕ್ಕಿಳಿಸಿ. ದಿನ, ಹೊತ್ತು ಗೊತ್ತುಮಾಡಿ. "ಸ್ವಲ್ಪ ವಾಕಿಂಗ್ ಮಾಡಿ" ಎಂದರೆ ಆಗುವುದಿಲ್ಲ. "ಬೆಳಗ್ಗೆ ಏಳಕ್ಕೆ ಇಬ್ಬರೂ ಹಾಲಿನ ಡೈರಿವರೆಗೆ ಹೋಗಿಬರೋಣ" ಎಂದರೆ ಆಗುತ್ತದೆ. ಮುಗಿದ ಮೇಲೆ ಕ್ಯಾಲೆಂಡರಿನಲ್ಲಿ ಅವರ ಕೈಯಲ್ಲೇ ಗುರುತು ಹಾಕಿಸಿ. ತಪ್ಪಿದ ದಿನ ಏನೂ ಅನ್ನಬೇಡಿ. ಮರುದಿನ ಇನ್ನೂ ಚಿಕ್ಕದು ಮಾಡಿ.

ಚಿಕ್ಕಮ್ಮನಿಗೆ ಹೂವೇ ಸರಿಹೋಯಿತು. ಗಂಡ ಹೋದ ಮೇಲೆ ಹೂ ಮುಡಿಯುವುದು ನಿಂತಿತ್ತು, "ಇನ್ನು ನೀನ್ಯಾಕೆ ಕಟ್ತೀಯ" ಎಂದು ಯಾರೋ ಅಂದಿದ್ದಕ್ಕೆ ಕಟ್ಟುವುದೂ ನಿಂತಿತ್ತು. ಒಂದು ಬೊಗಸೆ ಕನಕಾಂಬರ, ನೆನೆಸಿದ ಬಾಳೆನಾರು ಮುಂದಿಟ್ಟೆವು. ಮೊದಲ ದಿನ ಒಂದು ಗೇಣು ಕಟ್ಟಿ ಎದ್ದುಹೋದರು. ಗಂಟುಗಳು ಸಡಿಲ, ಹೂ ಜಾರುತ್ತಿದ್ದವು. ಮೂರು ವಾರಕ್ಕೆ ಒಂದು ಮೊಳವಾಯಿತು, ಒತ್ತಾಗಿ, ಮೊದಲಿನ ಹಾಗೆ.

ಹಂತ 7: ಜನರನ್ನು ಸರದಿಯಲ್ಲಿ ತನ್ನಿ

ಖಿನ್ನತೆಯಲ್ಲಿರುವವರು ತಾವಾಗಿ ಜನರ ಹತ್ತಿರ ಬರಲಾರರು. ಜನರೇ ಅವರ ಹತ್ತಿರ ಹೋಗಬೇಕು, ಗೊತ್ತಾದ ದಿನ, ತಿಂಗಳುಗಟ್ಟಲೆ, ಏನನ್ನೂ ನಿರೀಕ್ಷಿಸದೆ. ನನ್ನ ಅನುಭವದಲ್ಲಿ ಉಳಿದೆಲ್ಲ ಹಂತಗಳೂ ನಿಲ್ಲುವುದು ಇದರ ಮೇಲೆ. ತಿಥಿ ಮುಗಿಯುವವರೆಗೆ ಮನೆ ತುಂಬ ಜನ, ಆಮೇಲೆ ಬಾಗಿಲು ತಟ್ಟುವವರಿಲ್ಲ. ಬೇಕಾಗಿದ್ದದ್ದು ಆಮೇಲೆಯೇ.

ಮೊದಲಿಗೆ ಗುರುತಿಸಿಟ್ಟ ಮೂರು ನಾಲ್ಕು ಜನರಿಗೆ ದಿನ ಹಂಚಿ. ನಮ್ಮಲ್ಲಿ ಸೋಮವಾರ ಪಕ್ಕದ ಮನೆಯವರು, ಬುಧವಾರ ಚಿಕ್ಕಮ್ಮನ ತಂಗಿ, ಶನಿವಾರ ನಾನು. ಅರ್ಧ ಗಂಟೆ ಸಾಕು. ಬಂದವರು "ಈಗ ಹೇಗಿದೆ, ಮಾತ್ರೆ ತಗೊಂಡ್ಯಾ" ಎಂದು ವಿಚಾರಣೆ ಮಾಡಬಾರದು. ಕಾಫಿ ಕುಡಿದು, ಊರ ಸುದ್ದಿ ಹೇಳಿ, "ಬುಧವಾರ ಬರ್ತೀನಿ" ಎಂದು ಏಳಬೇಕು. ಹೇಳಿದ ದಿನ ಬರಲೇಬೇಕು. ಆಗುವುದಿಲ್ಲವಾದರೆ ಫೋನ್ ಮಾಡಬೇಕು. ಒಮ್ಮೆ ಸುಮ್ಮನೆ ತಪ್ಪಿಸಿದರೂ "ನಾನು ಯಾರಿಗೂ ಬೇಡ" ಎಂಬುದಕ್ಕೆ ಅದೇ ಸಾಕ್ಷಿಯಾಗಿಬಿಡುತ್ತದೆ.

ಎರಡು ಮೂರು ವಾರ ಕಳೆದ ಮೇಲೆ ಕೊಡುವುದನ್ನು ಕಡಿಮೆ ಮಾಡಿ, ಕೇಳುವುದನ್ನು ಶುರುಮಾಡಿ. ಹೆಪ್ಪಿಗೆ ಮಜ್ಜಿಗೆ ಕೇಳಿ, ಸಾರಿನ ಪುಡಿಯ ಅಳತೆ ಕೇಳಿ, ಮಗುವನ್ನು ಹತ್ತು ನಿಮಿಷ ನೋಡಿಕೊಳ್ಳಲು ಹೇಳಿ. ತನ್ನಿಂದ ಯಾರಿಗೋ ಏನೋ ಆಯಿತು ಎಂಬುದರಲ್ಲಿ ಬಲವಿದೆ. ಪಕ್ಕದ ಮನೆಯವರು ತಮ್ಮ ಮನೆಯ ಪೂಜೆಗೆ ಚಿಕ್ಕಮ್ಮ ಕಟ್ಟಿದ ಹೂವೇ ಬೇಕೆಂದು ಕೇಳಿ ಒಯ್ದರು. ಗಂಡ ಹೋದ ಹೆಂಗಸರನ್ನು ಕುಂಕುಮದ ತಟ್ಟೆ ದಾಟಿಸಿಕೊಂಡು ಹೋಗುವುದು, ಶುಭಕಾರ್ಯದಲ್ಲಿ ಹಿಂದಕ್ಕೆ ಕೂರಿಸುವುದು ಕಾಯಿಲೆಗೆ ಗೊಬ್ಬರ ಹಾಕಿದಂತೆ. ನಿಮ್ಮ ಮನೆಯಲ್ಲಿ ಆ ಪದ್ಧತಿಯಿದ್ದರೆ ಈ ಹಂತದಲ್ಲೇ ಬಿಡಿ.

ಗುಂಪಿಗೆ ಸೇರಿಸುವುದು ಇದಾದ ಮೇಲೆ. ಮೊದಲು ನಾಲ್ಕೈದು ಜನರ ಕೂಟ: ಸ್ತ್ರೀಶಕ್ತಿ ಸಂಘದ ವಾರದ ಸಭೆ, ಭಜನೆ, ಬೆಳಗಿನ ವಾಕಿಂಗಿನ ಗೆಳೆಯರು. ಬಾಗಿಲ ಹತ್ತಿರದ ಜಾಗ, ಬೇಕೆಂದಾಗ ಎದ್ದುಬರುವ ಸ್ವಾತಂತ್ರ್ಯ ಇರಲಿ. ಮದುವೆ, ಜಾತ್ರೆ ಕೊನೆಗೆ. ಅಲ್ಲಿ ನೂರು ಜನ "ಯಾಕಿಷ್ಟು ಇಳಿದುಹೋಗಿದ್ದೀಯ" ಎಂದು ಕೇಳುತ್ತಾರೆ.

ಮಕ್ಕಳು ದೂರದ ಊರಲ್ಲೋ ವಿದೇಶದಲ್ಲೋ ಇದ್ದರೆ, ಭಾನುವಾರದ ಒಂದು ಗಂಟೆಯ ವಿಡಿಯೋ ಕಾಲ್‌ಗಿಂತ ದಿನವೂ ಅದೇ ಹೊತ್ತಿಗೆ ಮಾಡುವ ಐದು ನಿಮಿಷದ ಫೋನ್ ಹೆಚ್ಚು ಆಸರೆ.

ಹಂತ 8: ನೋಡಿಕೊಳ್ಳುವವರು

ವಾರದಲ್ಲಿ ಅರ್ಧ ದಿನ ಪೂರ್ತಿ ಬಿಡುವು ತೆಗೆದುಕೊಳ್ಳಿ, ಆ ಹೊತ್ತಿಗೆ ಇನ್ನೊಬ್ಬರನ್ನು ಕೂರಿಸಿ. ನಿಮಗೇ ನಿದ್ದೆ ಕೆಟ್ಟಿದ್ದರೆ, ಸಣ್ಣದಕ್ಕೂ ರೇಗುತ್ತಿದ್ದರೆ, ಅವರ ಮೇಲೆ ಸಿಟ್ಟು ಬಂದು ಆಮೇಲೆ ಅಳು ಬರುತ್ತಿದ್ದರೆ 14416ಕ್ಕೆ ನಿಮಗಾಗಿಯೇ ಕರೆ ಮಾಡಿ.

ಹಂತ 9: ಮತ್ತೆ ಬರುವ ಮೊದಲ ಗುರುತುಗಳು

ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮುಂದೆ ಮತ್ತೊಮ್ಮೆ ಬರುವ ಸಾಧ್ಯತೆಯಿದೆ. ಬೇಗ ಹಿಡಿದರೆ ಬೇಗ ಇಳಿಯುತ್ತದೆ. ಹಾಗಾಗಿ ಚೆನ್ನಾಗಿರುವ ದಿನವೇ ಅವರನ್ನು ಕೂರಿಸಿಕೊಂಡು "ಈ ಸಲ ಶುರುವಾಗಿದ್ದು ಹೇಗೆ? ಮುಂದೆ ಹಾಗಾದರೆ ನಮಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿ ಬರೆದುಕೊಳ್ಳಿ. ಅವರ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಗಂಡ ಅಥವಾ ಹೆಂಡತಿ ತೀರಿಕೊಂಡ ತಿಂಗಳು, ವರ್ಷಾಬ್ದಿಕದ ವಾರ, ಹಬ್ಬದ ಮರುದಿನ ಇವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆ ದಿನಗಳಲ್ಲಿ ಸರದಿ ಹೆಚ್ಚಿಸಿ. ಚೀಟಿಯ ಕೊನೆಗೆ ಡಾಕ್ಟರ ನಂಬರು, 14416 ಬರೆದು ಬೀರುವಿನ ಬಾಗಿಲ ಒಳಗಡೆ ಅಂಟಿಸಿ. ಅದರಲ್ಲಿರುವ ಎರಡು ಗುರುತು ಒಂದು ವಾರ ಕಂಡರೆ ಡಾಕ್ಟರಿಗೆ ಫೋನ್ ಮಾಡುವುದು ಎಂದು ಅವರೇ ಒಪ್ಪಿರಬೇಕು.

ಚಿಕ್ಕಮ್ಮನ ಚೀಟಿಯಲ್ಲಿ ಮೂರು ಸಾಲಿವೆ. "ಮೂರು ಗಂಟೆಗೆ ಲೈಟ್ ಹಾಕಿದ್ರೆ. ಕಾಫಿ ಅರ್ಧ ಬಿಟ್ರೆ. ಹೂ ತಂದಿಟ್ರೂ ಕಟ್ಟದೆ ನೀರು ಚಿಮುಕಿಸಿ ಹಾಗೇ ಮುಚ್ಚಿಟ್ರೆ."